ಆಜ್ಞೆಗೂ ಒಂದು ಎಲ್ಲೆಯುಂಟು

ಶಸ್ತ್ರವನ್ನು ಎಂದೆಂದಿಗೂ ಹಿಡಿಯೆನೆಂದು ವ್ರತ ತೊಟ್ಟವನ ಮಾರ್ಗ ಕಠಿಣವಾದುದು, ಆದರೆ ನೇರವಾದುದು. ಶಸ್ತ್ರ ಹಿಡಿದು, ಯುದ್ಧದಲ್ಲಿ ಪಾಲ್ಗೊಂಡು, ದೇಶರಕ್ಷಣೆಯೇ ತನ್ನ ಕರ್ತವ್ಯವೆಂದು ಒಪ್ಪಿಕೊಂಡ ಯೋಧನೊಬ್ಬನು ಒಂದು ದಿನ ಒಂದು ನಿರ್ದಿಷ್ಟ ಆಜ್ಞೆಯ ಎದುರು ನಿಂತು ‘ಇದೊಂದನ್ನು ಮಾಡಲಾರೆ’ ಎಂದಾಗ ಹುಟ್ಟುವ ಪ್ರಶ್ನೆ ಅಷ್ಟು ನೇರವಾದುದಲ್ಲ. ಅವನು ಹೇಡಿಯೇ? ರಾಜದ್ರೋಹಿಯೇ? ಅಥವಾ ತಾನು ಕೈಗೊಂಡ ಪ್ರತಿಜ್ಞೆಯ ಅಂತರಾರ್ಥಕ್ಕೆ ಉಳಿದವರಿಗಿಂತ ಹೆಚ್ಚು ನಿಷ್ಠನಾದವನೇ? ಈ ಪ್ರಶ್ನೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಬಿಡದೆ ಕಾಡುತ್ತಿರುವ ನಾಡುಗಳಲ್ಲಿ ಇಸ್ರೇಲ್ ಮುಖ್ಯವಾದುದು. ಹಿಂಸೆ-ಅಹಿಂಸೆಗಳ ಸೂಕ್ಷ್ಮವನ್ನು ಕುರಿತು ಚಿಂತಿಸುವವರಿಗೆ ಅಲ್ಲಿನ ಅನುಭವದಲ್ಲಿ ಕಲಿಯತಕ್ಕ ಪಾಠಗಳು ಹಲವುಂಟು.

1982ರ ಜುಲೈ ತಿಂಗಳಲ್ಲಿ ಇಸ್ರೇಲಿನ ಸೈನ್ಯವು ಲೆಬನಾನಿನ ರಾಜಧಾನಿ ಬೈರೂತಿನ ಪಶ್ಚಿಮ ಭಾಗವನ್ನು ಸುತ್ತುವರಿದಿತ್ತು. ಒಳಗೆ ಪ್ಯಾಲೆಸ್ತೀನಿ ಹೋರಾಟಗಾರರಿದ್ದರು. ಅವರ ಜೊತೆಗೆ ಲಕ್ಷಾಂತರ ಸಾಮಾನ್ಯ ಜನರೂ ಇದ್ದರು. ಟ್ಯಾಂಕ್ ದಳವೊಂದರ ನಾಯಕನಾಗಿದ್ದ ಕರ್ನಲ್ ಏಲಿ ಗೇವಾ ಸೇನಾಧಿಪತಿಯ ಮಗ, ಸಮರ್ಥನೆಂದು ಹೆಸರಾದ ತರುಣ ಅಧಿಕಾರಿ. ನಗರದೊಳಕ್ಕೆ ತನ್ನ ದಳವನ್ನು ನುಗ್ಗಿಸುವ ಸಂದರ್ಭ ಒದಗಿದರೆ ತಾನದನ್ನು ಮುನ್ನಡೆಸಲಾರೆನೆಂದು ಆತ ಮೇಲಧಿಕಾರಿಗಳಿಗೆ ತಿಳಿಸಿದನು. ದುರ್ಬೀನಿನಲ್ಲಿ ನೋಡಿದಾಗ ತನಗೆ ಮಕ್ಕಳು ಕಾಣುತ್ತಾರೆಂಬುದು ಅವನ ಮಾತು. ದಂಡನಾಯಕರಿಂದ ಹಿಡಿದು ಪ್ರಧಾನಿ ಮೆನಾಹೆಮ್ ಬೆಗಿನ್ ಅವರವರೆಗೆ ಎಲ್ಲರೂ ಮನವೊಲಿಸಲು ಯತ್ನಿಸಿದರು. ಗೇವಾ ಕೇಳಿಕೊಂಡದ್ದು ಒಂದೇ: ನಾಯಕತ್ವದಿಂದ ಬಿಡುಗಡೆಗೊಳಿಸಿ, ತನ್ನ ಯೋಧರೊಡನೆ ಸಾಮಾನ್ಯ ಸೈನಿಕನಾಗಿ ಉಳಿಯಲು ಅವಕಾಶ ಕೊಡಬೇಕು. ಪ್ರಾಣಭಯದಿಂದ ಹಿಂಜರಿದವನು ಕೇಳುವ ವರ ಇದಲ್ಲ. ಆ ಬೇಡಿಕೆ ನಿರಾಕೃತವಾಯಿತು. ಗೇವಾ ಸೈನ್ಯವನ್ನು ಬಿಡಬೇಕಾಯಿತು.

ಮುಂದೆ ಸೆಪ್ಟೆಂಬರ್ ತಿಂಗಳಲ್ಲಿ ಸೈನ್ಯವು ಪಶ್ಚಿಮ ಬೈರೂತನ್ನು ಪ್ರವೇಶಿಸಿತು. ಸಬ್ರಾ ಮತ್ತು ಶತೀಲಾ ಎಂಬ ನಿರಾಶ್ರಿತರ ನೆಲೆಗಳಲ್ಲಿ ಲೆಬನಾನಿನ ಸಶಸ್ತ್ರ ಗುಂಪೊಂದು ನೂರಾರು ಮಂದಿ ನಿರಾಯುಧರನ್ನು ಕೊಂದಿತು. ಕೊಂದ ಕೈಗಳು ಇಸ್ರೇಲಿ ಸೈನಿಕರವಲ್ಲ. ಆದರೆ ಆ ನೆಲೆಗಳ ಸುತ್ತ ಕಾವಲು ನಿಂತು ಕೊಲೆಗಡುಕರನ್ನು ಒಳಗೆ ಬಿಟ್ಟದ್ದು ಅದೇ ಸೈನ್ಯ. ಇಸ್ರೇಲ್ ಸರಕಾರವೇ ನೇಮಿಸಿದ ಕಹಾನ್ ಆಯೋಗವು 1983ರಲ್ಲಿ ಸೇನಾ ಮತ್ತು ರಾಜಕೀಯ ನಾಯಕತ್ವದ ಪರೋಕ್ಷ ಹೊಣೆಯನ್ನು ಎತ್ತಿ ಹೇಳಿತು. ರಕ್ಷಣಾ ಸಚಿವ ಏರಿಯಲ್ ಶರೋನ್ ಆ ಖಾತೆಯನ್ನು ತೊರೆಯಬೇಕಾಯಿತು. ಹಿಂಸೆಯನ್ನು ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡುವವರನ್ನು ಅನುಮೋದಿಸುವುದು ಎಂಬ ಕೃತ-ಕಾರಿತ-ಅನುಮೋದನೆಗಳ ವಿವೇಚನೆಯನ್ನು ಬಾಲ್ಯದಿಂದಲೇ ಕೇಳಿ ಬೆಳೆದವರಿಗೆ ಆ ಆಯೋಗದ ತರ್ಕ ಅಪರಿಚಿತವೆನಿಸದು. ಹಿಂಸೆಯನ್ನೆಸಗುವ ಕೈ ಒಂದಾದರೂ ಅದರ ಫಲದಲ್ಲಿ ಹಲವರು ಭಾಗಿಗಳಾಗಬಹುದೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ವಿವರಿಸಿರುವುದನ್ನು ಇಲ್ಲಿ ಸ್ಮರಿಸಬಹುದು.

ಕಪ್ಪು ಬಾವುಟದ ನ್ಯಾಯ

ಆಜ್ಞೆಗೆ ಎಲ್ಲೆಯುಂಟೆಂಬುದನ್ನು ಇಸ್ರೇಲಿನ ಕಾನೂನು ಬಹು ಹಿಂದೆಯೇ ಒಪ್ಪಿಕೊಂಡಿದೆ. 1956ರ ಅಕ್ಟೋಬರ್ 29ರಂದು, ಸಿನಾಯ್ ಯುದ್ಧ ಆರಂಭವಾದ ದಿನ, ಗಡಿಗೆ ಸಮೀಪದ ಅರಬ್ ಗ್ರಾಮಗಳಲ್ಲಿ ಸಂಜೆ ಐದು ಗಂಟೆಯಿಂದ ಕರ್ಫ್ಯೂ ವಿಧಿಸಲಾಯಿತು. ಹೊರಗೆ ಕಂಡವರಿಗೆ ಗುಂಡಿಕ್ಕಬೇಕೆಂಬ ಆದೇಶ ಕೆಳಗಿನ ಅಧಿಕಾರಿಗಳಿಗೆ ತಲುಪಿತು. ಕಫ್ರ್ ಕಾಸಿಮ್ ಎಂಬ ಗ್ರಾಮದ ಮುಖಂಡನಿಗೆ ಈ ವಿಷಯ ತಿಳಿದದ್ದು ಅರ್ಧ ಗಂಟೆ ಮೊದಲು ಮಾತ್ರ. ಹೊಲಗಳಿಗೂ ಕೆಲಸಗಳಿಗೂ ಹೋದವರಿಗೆ ತಿಳಿಸುವ ದಾರಿಯಿರಲಿಲ್ಲ. ದುಡಿದು ದಣಿದು ಸೈಕಲ್ಲುಗಳಲ್ಲಿ, ಗಾಡಿಗಳಲ್ಲಿ ಮನೆಗೆ ಮರಳುತ್ತಿದ್ದವರನ್ನು ಗಡಿ ಪೊಲೀಸರು ಊರ ಬಾಗಿಲಲ್ಲೇ ನಿಲ್ಲಿಸಿ ಕೊಂದರು. ಹೆಂಗಸರೂ ಮಕ್ಕಳೂ ಸೇರಿ ಸತ್ತವರ ಸಂಖ್ಯೆ ಐವತ್ತರ ಸಮೀಪ. ಅವರೆಲ್ಲರೂ ಇಸ್ರೇಲ್ ದೇಶದ ಪ್ರಜೆಗಳೇ ಆಗಿದ್ದರು.

ಆರೋಪಿಗಳ ಸಮರ್ಥನೆ ಸರಳವಾಗಿತ್ತು: ಆಜ್ಞೆಯಿತ್ತು, ಪಾಲಿಸಿದೆವು. 1958ರಲ್ಲಿ ನ್ಯಾಯಮೂರ್ತಿ ಬೆಂಜಮಿನ್ ಹಲೇವಿ ನೀಡಿದ ತೀರ್ಪು ಈ ಸಮರ್ಥನೆಯನ್ನು ತಿರಸ್ಕರಿಸಿತು. ಕೆಲವು ಆಜ್ಞೆಗಳ ಮೇಲೆ ‘ನಿಷಿದ್ಧ’ವೆಂದು ಸಾರುವ ಕಪ್ಪು ಬಾವುಟವೊಂದು ಹಾರುತ್ತಿರುತ್ತದೆ, ಅದನ್ನು ಕಾಣಲು ಕಾನೂನಿನ ಪಾಂಡಿತ್ಯ ಬೇಕಿಲ್ಲ, ಕಣ್ಣು ಕುರುಡಾಗದೆ, ಹೃದಯ ಕಲ್ಲಾಗದೆ ಇದ್ದರೆ ಸಾಕು, ಅಂಥ ಆಜ್ಞೆಯನ್ನು ಮೀರುವುದು ಸೈನಿಕನ ಕರ್ತವ್ಯವೇ ಆಗುತ್ತದೆ ಎಂಬುದು ಅದರ ತಿರುಳು. ಇದೇ ಹಲೇವಿಯವರು 1961ರಲ್ಲಿ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಕ್‌ಮನ್ನನ ವಿಚಾರಣೆ ನಡೆಸಿದ ಮೂವರು ನ್ಯಾಯಾಧೀಶರಲ್ಲಿ ಒಬ್ಬರಾಗಿದ್ದರು. ತನ್ನ ಜನಾಂಗದ ಸಂಹಾರದಲ್ಲಿ ಪಾಲ್ಗೊಂಡವನಿಗೆ ಅನ್ವಯಿಸಬೇಕಾದ ನಿಯಮವನ್ನು, ಅದಕ್ಕೂ ಮೂರು ವರ್ಷ ಮೊದಲೇ ತನ್ನ ಜನರ ಸಮವಸ್ತ್ರ ತೊಟ್ಟವರಿಗೆ ಅನ್ವಯಿಸಿದ ಹಿರಿಮೆ ಆ ನ್ಯಾಯಪೀಠದ್ದು. ಆದರೆ ತೀರ್ಪಿನ ಘನತೆ ಶಿಕ್ಷೆಯಲ್ಲಿ ಉಳಿಯಲಿಲ್ಲ. ದೀರ್ಘ ಸೆರೆವಾಸಕ್ಕೆ ಗುರಿಯಾದವರು ಕೆಲವೇ ವರ್ಷಗಳಲ್ಲಿ ಬಿಡುಗಡೆಯಾದರು. ಆಜ್ಞೆಯ ಮೂಲವೆನಿಸಿದ ಹಿರಿಯ ಅಧಿಕಾರಿಗೆ ವಿಧಿಸಿದ್ದು ಒಂದು ಚಿಲ್ಲರೆ ನಾಣ್ಯದಷ್ಟು ದಂಡ.

ಈ ನ್ಯಾಯಕ್ಕೆ ಇನ್ನೊಂದು ಮಿತಿಯೂ ಇದೆ. ಕಪ್ಪು ಬಾವುಟ ಕಾಣುವುದು ಘೋರವಾದ ಆಜ್ಞೆಯ ಮೇಲೆ ಮಾತ್ರ. 1967ರ ಜೂನ್ ತಿಂಗಳ ಆರು ದಿನಗಳ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆ, ಗಾಜಾ ಪಟ್ಟಿ, ಪೂರ್ವ ಜೆರುಸಲೇಮ್, ಗೋಲನ್ ಪ್ರಸ್ಥಭೂಮಿ ಮತ್ತು ಸಿನಾಯ್‌ಗಳನ್ನು ವಶಪಡಿಸಿಕೊಂಡಿತು. ಸಿನಾಯ್ ಈಜಿಪ್ಟಿಗೆ ಮರಳಿತು. ಪಶ್ಚಿಮ ದಂಡೆಯಲ್ಲಿ ಸೈನಿಕ ಆಡಳಿತ ಮುಂದುವರಿಯಿತು. ಅಲ್ಲಿ ಸೈನಿಕನಿಗೆ ದಿನನಿತ್ಯ ಸಿಗುವ ಆಜ್ಞೆಗಳು ಘೋರವಾಗಿ ತೋರುವುದಿಲ್ಲ. ತಪಾಸಣೆಯ ಠಾಣೆಯಲ್ಲಿ ಅನುಮತಿಪತ್ರವನ್ನು ನೋಡು. ಪತ್ರವಿಲ್ಲದವರನ್ನು ಹಿಂದಕ್ಕೆ ಕಳುಹಿಸು. ನಡುರಾತ್ರಿ ಈ ಮನೆಯನ್ನು ಶೋಧಿಸು. ಈ ಬೀದಿಯಲ್ಲಿ ಕರ್ಫ್ಯೂ ಜಾರಿಯಲ್ಲಿಡು. ಆ ಆಲಿವ್ ತೋಪಿಗೆ ಅದರ ಒಡೆಯನನ್ನು ಇಂದು ಬಿಡಬೇಡ. ಪ್ರತಿಯೊಂದು ಆಜ್ಞೆಗೂ ಭದ್ರತೆಯ ಒಂದು ಕಾರಣವಿರುತ್ತದೆ. ಹಲವು ಸಲ ಆ ಕಾರಣ ನಿಜವೂ ಆಗಿರುತ್ತದೆ. ಬಿಡಿಬಿಡಿಯಾಗಿ ಯಾವುದರ ಮೇಲೂ ಕಪ್ಪು ಬಾವುಟವಿಲ್ಲ. ಎಲ್ಲವನ್ನೂ ಕೂಡಿಸಿದಾಗ ಮತವಿಲ್ಲದ, ನಾಗರಿಕ ಹಕ್ಕುಗಳಿಲ್ಲದ ಒಂದು ಜನಸಮುದಾಯದ ಬದುಕು ಇಪ್ಪತ್ತರ ಹರೆಯದ ಯೋಧನ ಕೈಸನ್ನೆಗೆ ಒಳಗಾಗಿ ನಡೆಯುವ ಚಿತ್ರ ಮೂಡುತ್ತದೆ. ಇಂತಹ ಹಿಂಸೆಯನ್ನು ನಿರಾಕರಿಸಬಹುದೇ ಎಂಬುದಕ್ಕೆ 1958ರ ತೀರ್ಪಿನಲ್ಲಿ ಉತ್ತರವಿಲ್ಲ.

ರಕ್ಷಣೆಗೆ ಸಿದ್ಧ, ದಮನಕ್ಕೆ ಅಲ್ಲ

ಇಸ್ರೇಲಿನಲ್ಲಿ ಹದಿನೆಂಟು ತುಂಬಿದ ಯಹೂದಿ ತರುಣ-ತರುಣಿಯರಿಗೆ ಸೈನಿಕ ಸೇವೆ ಕಡ್ಡಾಯ. ಬಹುಪಾಲು ಅರಬ್ ಪ್ರಜೆಗಳು ಇದಕ್ಕೆ ಒಳಪಟ್ಟಿಲ್ಲ. ಧರ್ಮಗ್ರಂಥಗಳ ಅಧ್ಯಯನದಲ್ಲಿ ತೊಡಗಿದ ಸಂಪ್ರದಾಯಸ್ಥ ಯುವಕರಿಗೂ ಬಹುಕಾಲ ವಿನಾಯಿತಿಯಿತ್ತು. ಸೇವೆ ಮುಗಿದ ಮೇಲೂ ಅನೇಕರು ಮೀಸಲು ಪಡೆಯಲ್ಲಿದ್ದು, ನಡುವಯಸ್ಸಿನವರೆಗೆ ಕರೆ ಬಂದಾಗ ಹೋಗಬೇಕು. ಯೂರೋಪಿನಲ್ಲಿ ಅರವತ್ತು ಲಕ್ಷ ಬಂಧುಗಳನ್ನು ಕಳೆದುಕೊಂಡ ಜನಾಂಗಕ್ಕೆ ಸೈನ್ಯವೆಂದರೆ ಕೇವಲ ಒಂದು ಇಲಾಖೆಯಲ್ಲ. ಇನ್ನೊಮ್ಮೆ ನಿಸ್ಸಹಾಯಕರಾಗೆವೆಂಬ ಸಂಕಲ್ಪದ ರೂಪ. ಅಲ್ಲಿ ಸೇವೆಯನ್ನು ನಿರಾಕರಿಸುವವನು ತಂದೆತಾಯಿಗಳ ಕಣ್ಣೀರನ್ನು, ಗೆಳೆಯರ ತಾತ್ಸಾರವನ್ನು, ಉದ್ಯೋಗದಲ್ಲಿ ಅಡೆತಡೆಯನ್ನು ಎದುರಿಸಬೇಕಾಗುತ್ತದೆ. ಸೆರೆಮನೆ ಆಮೇಲಿನ ಮಾತು.

ಲೆಬನಾನ್ ಯುದ್ಧದ ಕಾಲದಲ್ಲಿ, 1982ರಲ್ಲಿ, ಮೀಸಲು ಪಡೆಯ ಕೆಲವರು ‘ಯೇಶ್ ಗ್ವುಲ್’ ಎಂಬ ಸಂಘಟನೆಯನ್ನು ಕಟ್ಟಿದರು. ಹೀಬ್ರೂ ಭಾಷೆಯ ಈ ಮಾತಿಗೆ ‘ಗಡಿಯಿದೆ’ ಎಂಬ ಅರ್ಥವೂ ಉಂಟು, ‘ಮಿತಿಯಿದೆ’ ಎಂಬ ಅರ್ಥವೂ ಉಂಟು. ಕನ್ನಡದ ‘ಎಲ್ಲೆ’ ಎಂಬ ಪದ ಈ ಎರಡನ್ನೂ ಹಾಗೆಯೇ ಹೊತ್ತುಕೊಳ್ಳುತ್ತದೆ. ದೇಶಕ್ಕೊಂದು ಎಲ್ಲೆ, ವಿಧೇಯತೆಗೊಂದು ಎಲ್ಲೆ. ಆ ಯುದ್ಧದಲ್ಲಿ ನೂರಕ್ಕೂ ಹೆಚ್ಚು ಮಂದಿ ನಿರಾಕರಣೆಗಾಗಿ ಸೆರೆಮನೆ ಕಂಡರು. 1987ರ ಡಿಸೆಂಬರಿನಲ್ಲಿ ಪ್ಯಾಲೆಸ್ತೀನಿಯರ ಬಂಡಾಯ ಆರಂಭವಾದ ಮೇಲೆ ಇನ್ನೂ ಹಲವರು ಅದೇ ದಾರಿ ಹಿಡಿದರು.

ಅವರಿಗೆ ಬೆಂಬಲವಾಗಿ ನಿಂತವರಲ್ಲಿ ಪ್ರಮುಖರು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಯೆಶಯಾಹು ಲೈಬೋವಿಟ್ಸ್. 1903ರಲ್ಲಿ ಜನಿಸಿ 1994ರಲ್ಲಿ ತೀರಿಕೊಂಡ ಈ ವಿದ್ವಾಂಸರು ಧರ್ಮವಿಧಿಗಳನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ ಆಸ್ತಿಕರು. ಯುದ್ಧವಿಜಯದ ಸಂಭ್ರಮ ಇನ್ನೂ ಆರದಿದ್ದಾಗಲೇ, ಪರರನ್ನು ಆಳುವ ಕಾರ್ಯ ಆಳುವವರನ್ನೇ ಕೆಡಿಸುತ್ತದೆಂದು ಅವರು ಎಚ್ಚರಿಸಿದ್ದರು. ರಾಜ್ಯವು ಮನುಷ್ಯನ ಅಗತ್ಯಗಳಿಗಾಗಿ ಇರುವ ಸಾಧನ. ಅದನ್ನೇ ಪರಮಮೌಲ್ಯವೆಂದು ಪೂಜಿಸುವುದು ವಿಗ್ರಹಾರಾಧನೆಗೆ ಸಮಾನವಾದ ಪಾಪವೆಂಬುದು ಅವರ ನಿಲುವು. ಯಹೂದಿ ಧರ್ಮದಲ್ಲಿ ವಿಗ್ರಹಾರಾಧನೆ ಎಷ್ಟು ದೊಡ್ಡ ದೋಷವೆಂಬುದನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. 1993ರಲ್ಲಿ ದೇಶದ ಅತ್ಯುನ್ನತ ಪುರಸ್ಕಾರಕ್ಕೆ ಅವರ ಹೆಸರು ಬಂದಾಗ ದೊಡ್ಡ ಗದ್ದಲವೆದ್ದಿತು. ಅವರು ಅದನ್ನು ಸ್ವೀಕರಿಸಲಿಲ್ಲ.

2002ರ ಜನವರಿಯಲ್ಲಿ ಡೇವಿಡ್ ಜೋನ್‌ಶೈನ್, ಯಾನಿವ್ ಇಟ್ಸ್‌ಕೊವಿಚ್ ಎಂಬ ಇಬ್ಬರು ಮೀಸಲು ಅಧಿಕಾರಿಗಳ ಮುಂದಾಳ್ತನದಲ್ಲಿ ಸುಮಾರು ಐವತ್ತು ಯೋಧರ ಪತ್ರವೊಂದು ‘ಹಾರೆಟ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ರಮೇಣ ಸಹಿ ಹಾಕಿದವರ ಸಂಖ್ಯೆ ಆರು ನೂರನ್ನು ದಾಟಿತು. ದೇಶದ ರಕ್ಷಣೆಗೆ ಸಂಬಂಧಿಸಿದ ಯಾವ ಕಾರ್ಯಕ್ಕೂ ತಾವು ಸಿದ್ಧರು. ಆದರೆ 1967ರ ಗಡಿಯಾಚೆಗೆ ಇನ್ನೊಂದು ಜನಾಂಗವನ್ನು ಅಂಕೆಯಲ್ಲಿಡಲು, ಹೊರದೂಡಲು, ಹಸಿವಿಗೆ ತಳ್ಳಲು, ಅವಮಾನಿಸಲು ಹೋರಾಡುವುದಿಲ್ಲ ಎಂಬುದು ಅದರ ಸಾರಾಂಶ. ಅದು ಇಸ್ರೇಲಿನ ನಗರಗಳಲ್ಲಿ ಬಸ್ಸುಗಳೂ ಉಪಾಹಾರಗೃಹಗಳೂ ಆತ್ಮಾಹುತಿ ಬಾಂಬುಗಳಿಗೆ ಸಿಡಿಯುತ್ತಿದ್ದ ಕಾಲ. ಪತ್ರ ಪ್ರಕಟವಾದ ಎರಡೇ ತಿಂಗಳಲ್ಲಿ, ಮಾರ್ಚ್ 27ರಂದು, ನೆತಾನ್ಯಾ ನಗರದ ಹೋಟೆಲೊಂದರಲ್ಲಿ ಹಬ್ಬದೂಟಕ್ಕೆ ಕುಳಿತಿದ್ದ 30 ಮಂದಿ ಅಂಥ ದಾಳಿಗೆ ಬಲಿಯಾದರು. ಆ ಯೋಧರ ಮನೆಯವರೂ ಅದೇ ಬಸ್ಸುಗಳಲ್ಲಿ ಓಡಾಡುತ್ತಿದ್ದವರೆಂಬುದನ್ನು ಮರೆಯಲಾಗದು.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಜೈನ ಪರಂಪರೆಯಲ್ಲಿ ಮೊದಲನೆಯದು ಶ್ರಾವಕನಿಗೆ ಸರ್ವಥಾ ವರ್ಜ್ಯ. ಆಕ್ರಮಣವನ್ನು ಎದುರಿಸುವಾಗ ಅನಿವಾರ್ಯವಾಗಿ ಸಂಭವಿಸುವ ವಿರೋಧೀ ಹಿಂಸೆಯೂ ಹಿಂಸೆಯೇ. ಆದರೂ ಗೃಹಸ್ಥನ ದುರ್ಬಲ ಸ್ಥಿತಿಯನ್ನು ಗಮನಿಸಿ ಅದನ್ನು ಬೇರೆಯಾಗಿ ಎಣಿಸಲಾಗಿದೆ. ಆ ಯೋಧರ ಪತ್ರ ಹುಟ್ಟಿದ್ದು ಬೇರೊಂದು ಧರ್ಮದ, ಬೇರೊಂದು ರಾಜ್ಯವ್ಯವಸ್ಥೆಯ ಮಣ್ಣಿನಲ್ಲಿ. ಹೋಲಿಕೆಯನ್ನು ಅತಿಯಾಗಿ ಎಳೆಯುವುದು ಉಚಿತವಲ್ಲ. ಆದರೂ ಅವರು ಎಳೆದ ಗೆರೆ ಈ ವಿಂಗಡಣೆಯ ಸಮೀಪದಲ್ಲಿಯೇ ಹಾದುಹೋಗುತ್ತದೆ. ರಕ್ಷಣೆಯ ಹೆಸರಿನಲ್ಲಿ ಆರಂಭವಾದ ಹಿಂಸೆ ಎಲ್ಲಿ ಮುಗಿದು, ಅಧೀನರನ್ನು ಅಧೀನದಲ್ಲಿಯೇ ಇರಿಸುವ ಉದ್ದೇಶದ ಹಿಂಸೆ ಎಲ್ಲಿ ತೊಡಗುತ್ತದೆಂಬುದೇ ಅವರನ್ನು ಕಾಡಿದ ಪ್ರಶ್ನೆ.

ಮೂರು ಆಕ್ಷೇಪಗಳು

ಇಂಥ ನಿರಾಕರಣೆಗೆ ಎದುರಾದ ಆಕ್ಷೇಪಗಳು ಹಗುರವಾದುವಲ್ಲ. ಸೆರೆವಾಸಕ್ಕೆ ಗುರಿಯಾದ ಎಂಟು ಮಂದಿ ಮೀಸಲು ಯೋಧರು ಸಲ್ಲಿಸಿದ ಅರ್ಜಿಯನ್ನು ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವು 2002ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಮುಖ್ಯ ನ್ಯಾಯಮೂರ್ತಿ ಅಹರೋನ್ ಬರಾಕ್ ಅರ್ಜಿದಾರರ ಪ್ರಾಮಾಣಿಕತೆಯನ್ನು ಸಂಶಯಿಸಲಿಲ್ಲ. ಎಲ್ಲ ಯುದ್ಧವನ್ನೂ ವಿರೋಧಿಸುವವನಿಗೆ ವಿನಾಯಿತಿ ಕೊಡಬಹುದು. ಆದರೆ ಈ ಕಾರ್ಯಕ್ಕೆ ಒಪ್ಪುವೆ, ಆ ಕಾರ್ಯಕ್ಕೆ ಒಪ್ಪೆ ಎನ್ನುವವರಿಗೆ ವಿನಾಯಿತಿಯ ಬಾಗಿಲು ತೆರೆದರೆ ಜನತೆಯ ಸೈನ್ಯವು ತಂತಮ್ಮ ಆತ್ಮಸಾಕ್ಷಿಯಂತೆ ನಡೆಯುವ ತುಕಡಿಗಳಾಗಿ ಒಡೆದುಹೋದೀತು ಎಂಬುದು ಅವರ ಆತಂಕ.

ಇದೇ ಬಗೆಯ ಆತಂಕವನ್ನು ಅಹಿಂಸೆಯ ಮಹಾಸಾಧಕರೊಬ್ಬರೂ ವ್ಯಕ್ತಪಡಿಸಿದ್ದರೆಂಬುದು ಆಶ್ಚರ್ಯವಾದರೂ ಸತ್ಯ. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ನಿರಾಯುಧರಾದ ಪಠಾಣ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಲು ಗಢವಾಲ್ ರೈಫಲ್ಸ್‌ನ ಯೋಧರು ನಿರಾಕರಿಸಿದರು. ಅವರ ಮುಂದಾಳು ಚಂದ್ರಸಿಂಗ್ ಗಢವಾಲಿಗೆ ಜೀವಾವಧಿ ಶಿಕ್ಷೆಯಾಯಿತು. ದೇಶವೇ ಅವರನ್ನು ಕೊಂಡಾಡಿದರೂ ಗಾಂಧೀಜಿಯವರು ಮಾತ್ರ, 1932ರಲ್ಲಿ ಪ್ರಕಟವಾದ ಸಂದರ್ಶನವೊಂದರಲ್ಲಿ, ಸೇವೆಯ ಪ್ರತಿಜ್ಞೆ ಸ್ವೀಕರಿಸಿದ ಸೈನಿಕನು ಗುಂಡು ಹಾರಿಸಲು ನಿರಾಕರಿಸುವುದು ಪ್ರತಿಜ್ಞಾಭಂಗವೆಂದರು. ನಾಳೆ ಸ್ವತಂತ್ರ ಭಾರತಕ್ಕೂ ಅದೇ ಸೈನಿಕರು ಬೇಕಾಗಬಹುದು, ಆಗಲೂ ಅವರು ಹೀಗೆಯೇ ಮಾಡಿಯಾರು ಎಂಬ ಆಲೋಚನೆ ಅದರ ಹಿಂದಿತ್ತು. ಸೈನಿಕನಾಗಿ ಸೇರುವುದನ್ನೇ ನಿರಾಕರಿಸು, ಸೇರಿದ ಮೇಲೆ ಆರಿಸಿಕೊಳ್ಳಬೇಡ ಎಂಬುದು ಅದರ ತಾತ್ಪರ್ಯ.

ಈ ವಾದದಲ್ಲಿ ಬಲವಿದೆ, ದೌರ್ಬಲ್ಯವೂ ಇದೆ. ಕಡ್ಡಾಯ ಸೇವೆಯಿರುವ ದೇಶದಲ್ಲಿ ಸೇರುವುದು ಅವನ ಆಯ್ಕೆಯಲ್ಲ. ಜೊತೆಗೆ, ಪ್ರತಿಜ್ಞೆ ಮಾಡುವಾಗ ಅವನು ಒಪ್ಪಿಕೊಂಡದ್ದು ರಕ್ಷಣೆಯನ್ನು. ಆಜ್ಞೆ ಆ ಉದ್ದೇಶವನ್ನು ಮೀರಿದರೆ ಪ್ರತಿಜ್ಞೆಯನ್ನು ಮುರಿದವರು ಯಾರೆಂಬ ಪ್ರಶ್ನೆ ಏಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಯೋಧರು ಶಿಕ್ಷೆಯಿಂದ ನುಣುಚಿಕೊಳ್ಳಲಿಲ್ಲ. ಇಸ್ರೇಲಿನಲ್ಲಿ ‘ಬೂದು ನಿರಾಕರಣೆ’ ಎಂದು ಕರೆಯಲ್ಪಡುವ ಒಂದು ಸುಲಭ ಮಾರ್ಗವುಂಟು: ಅನಾರೋಗ್ಯದ ನೆಪವೊಡ್ಡಿಯೋ, ಪರಿಚಿತ ಅಧಿಕಾರಿಯ ಕಿವಿಯಲ್ಲಿ ಹೇಳಿಯೋ ಸದ್ದಿಲ್ಲದೆ ಬೇರೆ ಕೆಲಸ ಪಡೆಯುವುದು. ಅದು ದೇಹವನ್ನು ಠಾಣೆಯಿಂದ ದೂರವಿಡುತ್ತದೆ; ಅಸತ್ಯವನ್ನು ಜೊತೆಗಿರಿಸುತ್ತದೆ. ಬಹಿರಂಗವಾಗಿ ಕಾರಣ ಹೇಳಿ, ನ್ಯಾಯಾಧಿಕಾರಿಯ ಮುಂದೆ ನಿಂತು, ಕೆಲವು ವಾರಗಳ ಸೆರೆವಾಸ ಮುಗಿಸಿ, ಮತ್ತೆ ಕರೆ ಬಂದಾಗ ಮತ್ತೆ ಸೆರೆಗೆ ಹೋಗುವವನು ಕಾನೂನನ್ನು ಹೀಯಾಳಿಸುವುದಿಲ್ಲ. ಅವನು ಒಂದು ಆಜ್ಞೆಯನ್ನು ಮೀರುತ್ತಾನೆ, ಕಾನೂನಿನ ದಂಡಕ್ಕೆ ತಲೆಬಾಗುತ್ತಾನೆ.

ಎರಡನೆಯ ಆಕ್ಷೇಪ ಇನ್ನೂ ಹತ್ತಿರದಿಂದ ತಟ್ಟುವಂಥದು. ಕರುಣೆಯುಳ್ಳವರೆಲ್ಲ ಹೊರಟುಹೋದರೆ ಠಾಣೆಯಲ್ಲಿ ಉಳಿಯುವವರಾರು? ಸಹೃದಯ ಯೋಧನೊಬ್ಬ ಅಲ್ಲಿದ್ದರೆ ಆಸ್ಪತ್ರೆಗೆ ಹೊರಟ ವೃದ್ಧೆ ಬೇಗ ದಾಟುತ್ತಾಳೆ. ಅವನಿಲ್ಲದಿದ್ದರೆ ಬಿಸಿಲಿನಲ್ಲಿ ಕಾಯುತ್ತಾಳೆ. ನಿರಾಕರಿಸಿದವನ ಕೈ ಶುದ್ಧವಾಯಿತು. ಆಕೆಯ ಕಷ್ಟ ಹೆಚ್ಚಿತು. ಈ ಮಾತಿಗೆ ಪೂರ್ಣವಾದ ಉತ್ತರವಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ತಾನೊಬ್ಬನು ನಿಷ್ಕಳಂಕನಾಗಿ ಉಳಿಯಬೇಕೆಂಬ ಹಂಬಲವೂ ಒಂದು ಬಗೆಯ ಪರಿಗ್ರಹವಾದೀತು. ಆದರೆ ಎದುರುವಾದಕ್ಕೂ ಕಿವಿಗೊಡಬೇಕು. ವೃದ್ಧೆಯ ಕಷ್ಟಕ್ಕೆ ಮೂಲ ಠಾಣೆಯ ಯೋಧನ ಒರಟುತನವಲ್ಲ. ತನ್ನ ಊರಿನಿಂದ ಪಕ್ಕದ ಊರಿಗೆ ಹೋಗಲು ಆಕೆಗೆ ಪರರ ಅಪ್ಪಣೆ ಬೇಕೆಂಬ ವ್ಯವಸ್ಥೆ. ಮೃದುಭಾಷಿಯಾದ ಯೋಧ ಆ ವ್ಯವಸ್ಥೆಯನ್ನು ಬದಲಿಸುವುದಿಲ್ಲ. ಅದನ್ನು ಸಹ್ಯವಾಗಿಸುತ್ತಾನೆ, ಆಕೆಗಿಂತ ಹೆಚ್ಚಾಗಿ ಅವನನ್ನು ಕಳುಹಿಸಿದ ಸಮಾಜಕ್ಕೆ. ಹೆಬ್ರಾನ್ ನಗರದಲ್ಲಿ ಸೇವೆ ಸಲ್ಲಿಸಿದ ಯೋಧರು 2004ರಲ್ಲಿ ಮೂರನೆಯದೊಂದು ದಾರಿಯನ್ನು ಹಿಡಿದರು. ಸೇವೆ ಮುಗಿಸಿ ಬಂದು, ತಾವು ಕಂಡದ್ದನ್ನೂ ಮಾಡಿದ್ದನ್ನೂ ಟೆಲ್ ಅವೀವ್‌ನಲ್ಲಿ ಛಾಯಾಚಿತ್ರಗಳ ಮೂಲಕ ಜನರ ಮುಂದಿಟ್ಟರು. ಅವರು ನಿರಾಕರಿಸಿದವರಲ್ಲ, ಆದರೆ ಮನೆಯಲ್ಲಿ ಕುಳಿತು ‘ಅಲ್ಲೇನು ನಡೆಯುತ್ತದೋ ತಿಳಿಯದು’ ಎನ್ನುವ ಅನುಕೂಲವನ್ನು ಸಮಾಜದಿಂದ ಕಸಿದುಕೊಂಡರು. ಸೆರೆಮನೆಗೆ ಹೋದವನೂ, ಕಂಡದ್ದನ್ನು ಹೇಳಿದವನೂ ಮಾಡಿದ ಕೆಲಸದಲ್ಲಿ ಇದೊಂದು ಅಂಶ ಸಮಾನ: ತಮ್ಮ ಹೆಸರಿನಲ್ಲಿ ನಡೆಯುವುದನ್ನು ತಮ್ಮವರ ಕಣ್ಣಿಗೆ ತಂದದ್ದು.

ಮೂರನೆಯ ಆಕ್ಷೇಪವನ್ನು ಇತಿಹಾಸವೇ ಎತ್ತಿತು. 2005ರ ಆಗಸ್ಟಿನಲ್ಲಿ ಇಸ್ರೇಲ್ ಸರಕಾರವು ಗಾಜಾ ಪಟ್ಟಿಯ 21 ವಸಾಹತುಗಳನ್ನು ತೆರವುಗೊಳಿಸಿ, ಸುಮಾರು 8,000 ಯಹೂದಿ ನಿವಾಸಿಗಳನ್ನು ಹೊರತರಲು ಸೈನ್ಯವನ್ನು ನಿಯೋಜಿಸಿತು. ಆಗ ಕೆಲವು ಯೋಧರು ‘ನಮ್ಮ ಸೋದರರನ್ನು ಅವರ ಮನೆಯಿಂದ ಎಳೆಯಲಾರೆವು’ ಎಂದರು. ಮಾಜಿ ಮುಖ್ಯ ಧರ್ಮಗುರು ಅವ್ರಹಾಂ ಶಪೀರಾ ಅಂಥ ಆಜ್ಞೆಯನ್ನು ಪಾಲಿಸಬಾರದೆಂದು ಬೋಧಿಸಿದ್ದರು. ನ್ಯಾಯಮೂರ್ತಿ ಬರಾಕ್ ಭಯಪಟ್ಟದ್ದು ಇದನ್ನೇ. 2002ರಲ್ಲಿ ಆತ್ಮಸಾಕ್ಷಿಯ ಹೆಸರಿನಲ್ಲಿ ಠಾಣೆಯನ್ನು ಬಿಟ್ಟವನನ್ನು ಗೌರವಿಸಿದವರು 2005ರಲ್ಲಿ ಅದೇ ಹೆಸರಿನಲ್ಲಿ ವಸಾಹತನ್ನು ತೆರವುಗೊಳಿಸಲೊಪ್ಪದವನನ್ನು ಅಲ್ಲಗಳೆಯುವುದು ಹೇಗೆ?

ಇಬ್ಬರ ನೋವೂ ನಿಜವೆಂದು ಮೊದಲು ಒಪ್ಪಬೇಕು. ಬಾಗಿಲು ಹಿಡಿದು ಅಳುವ ತಾಯಿಯನ್ನು ಹೊರಗೆ ತರಲಾರೆನೆನ್ನುವವನ ಹೃದಯ ಕಲ್ಲಲ್ಲ. ಇಬ್ಬರೂ ಬಹಿರಂಗವಾಗಿ ನಿರಾಕರಿಸಿ ಶಿಕ್ಷೆಗೆ ಒಳಗಾದರೆ ಇಬ್ಬರೂ ಹೇಡಿಗಳೆಂಬ ಆರೋಪದಿಂದ ಮುಕ್ತರು. ಆದರೆ ಆತ್ಮಸಾಕ್ಷಿ ಪ್ರಾಮಾಣಿಕವಾಗಿದ್ದ ಮಾತ್ರಕ್ಕೆ ಸಮ್ಯಕ್ ಆಗುವುದಿಲ್ಲ; ಅದನ್ನೂ ಒರೆಗೆ ಹಚ್ಚಬೇಕಾಗುತ್ತದೆ. ತನ್ನವರ ಮನೆಯ ಬಾಗಿಲಲ್ಲಿ ನಡುಗಿದ ಕೈ, ನೆರೆಯವರ ಮನೆಯನ್ನು ಕೆಡವುವಾಗಲೂ ನಡುಗಿತ್ತೇ? ಈ ಪ್ರಶ್ನೆಗೆ ಹೌದೆನ್ನಬಲ್ಲವನ ನಿರಾಕರಣೆಯಲ್ಲಿ ಕರುಣೆಯಿದೆ. ಇಲ್ಲವೆನ್ನುವವನಲ್ಲಿ ಇರುವುದು ಮಮಕಾರ; ಅದು ಸಹಜವಾದರೂ ಧರ್ಮದ ಸ್ಥಾನಕ್ಕೆ ಏರಲಾರದು. ಇದೇ ಪ್ರಶ್ನೆಯನ್ನು ಮೊದಲ ಪಂಗಡದವರೂ ಎದುರಿಸಬೇಕು. ಠಾಣೆಯ ಸಾಲಿನಲ್ಲಿ ನಿಂತ ವೃದ್ಧೆಗಾಗಿ ಮರುಗುವವನು ನೆತಾನ್ಯಾದ ಹಬ್ಬದೂಟದಲ್ಲಿ ಸತ್ತವರಿಗಾಗಿಯೂ ಮರುಗುತ್ತಾನೆಯೇ? ಆ ಪತ್ರಕ್ಕೆ ಸಹಿ ಹಾಕಿದವರು ರಕ್ಷಣೆಯ ಹೊಣೆಯನ್ನು ಬಿಡಲಿಲ್ಲವೆಂಬುದು ಈ ದೃಷ್ಟಿಯಿಂದ ಮಹತ್ವದ್ದು. ವಿಮಾನಚಾಲಕರ ವಿಷಯದಲ್ಲಿಯೂ ಹೀಗೆಯೇ. 2002ರ ಜುಲೈನಲ್ಲಿ ಗಾಜಾದ ಮನೆಯೊಂದರ ಮೇಲೆ ಒಂದು ಟನ್ ತೂಕದ ಬಾಂಬನ್ನು ಹಾಕಿ ಹಮಾಸ್ ನಾಯಕನನ್ನು ಕೊಂದಾಗ ಮಕ್ಕಳೂ ಸೇರಿದಂತೆ ಹತ್ತಕ್ಕೂ ಹೆಚ್ಚು ನಾಗರಿಕರು ಸತ್ತರು. ಮರುವರ್ಷ 27 ಚಾಲಕರು ಜನವಸತಿಯ ಮೇಲೆ ಇಂಥ ದಾಳಿ ಮಾಡೆವೆಂದು ಪತ್ರ ಬರೆದರು. ಅವರಲ್ಲಿದ್ದ ಇಫ್ತಾಹ್ ಸ್ಪೆಕ್ಟರ್ ಹಲವು ಯುದ್ಧಗಳಲ್ಲಿ ಹೆಸರುಗಳಿಸಿದ ವೀರ; ದೇಶಕ್ಕಾಗಿ ಪ್ರಾಣವನ್ನು ಪಣಕ್ಕಿಟ್ಟವನೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಕಠಿಣತರ ಪರೀಕ್ಷೆ

2023ರ ಅಕ್ಟೋಬರ್ 7ರ ಅನಂತರ ಈ ಪ್ರಶ್ನೆ ಮೊದಲಿಗಿಂತ ಭಾರವಾಯಿತು. ಅಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಮಂದಿ ಹತರಾದರು. ಸುಮಾರು 250 ಮಂದಿ ಒತ್ತೆಯಾಳುಗಳಾದರು. ಆಮೇಲಿನ ಎರಡು ವರ್ಷಗಳ ಯುದ್ಧದಲ್ಲಿ ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಂತೆ ಅಲ್ಲಿ ಸತ್ತವರು 60,000ಕ್ಕೂ ಹೆಚ್ಚು. ದುಃಖವೂ ಕ್ರೋಧವೂ ದೇಶವನ್ನು ತುಂಬಿದ್ದ ಹೊತ್ತಿನಲ್ಲಿ, ಡಿಸೆಂಬರ್ ತಿಂಗಳಲ್ಲಿ, ಹದಿನೆಂಟರ ಯುವಕನೊಬ್ಬ ಸೇವೆಯನ್ನು ನಿರಾಕರಿಸಿ 30 ದಿನಗಳ ಸೆರೆಗೆ ಹೋದನು. ಮುಗಿದ ಮೇಲೆ ಮತ್ತೆ ಮತ್ತೆ ಹೋದನು. 2024ರ ಅಕ್ಟೋಬರಿನಲ್ಲಿ ನೂರಕ್ಕೂ ಹೆಚ್ಚು ಯೋಧರು, ಒತ್ತೆಯಾಳುಗಳನ್ನು ಬಿಡಿಸುವ ಒಪ್ಪಂದಕ್ಕೆ ಸರಕಾರ ಮುಂದಾಗದಿದ್ದರೆ ತಾವು ಸೇವೆ ಮುಂದುವರಿಸುವುದಿಲ್ಲವೆಂದು ಬರೆದರು. ಅವರಲ್ಲಿ ಅನೇಕರು ಅದೇ ಯುದ್ಧದಲ್ಲಿ ಹೋರಾಡಿ ಬಂದವರು. ಶೋಕದ ಮಧ್ಯದಲ್ಲಿ ಎಲ್ಲೆಯನ್ನು ನೆನೆಯುವುದು ಎಷ್ಟು ಕಷ್ಟವೆಂಬುದನ್ನು, ಆಪ್ತರನ್ನು ಕಳೆದುಕೊಂಡ ಯಾರೂ ಊಹಿಸಬಲ್ಲರು. ಎಲ್ಲೆ ಬೇಕಾಗುವುದೂ ಅಂಥ ಹೊತ್ತಿನಲ್ಲಿಯೇ.

ಈ ನಿರಾಕರಣೆಗಳಿಂದ ಆಕ್ರಮಣದ ಆಡಳಿತ ಕೊನೆಗೊಂಡಿದೆಯೆಂದು ಹೇಳುವಂತಿಲ್ಲ. ಪಶ್ಚಿಮ ದಂಡೆಯಲ್ಲಿ ಠಾಣೆಗಳು ಇಂದಿಗೂ ಇವೆ. ನಿರಾಕರಿಸಿದವರು ಯಾವ ಕಾಲದಲ್ಲಿಯೂ ಸೈನ್ಯದ ಸಣ್ಣದೊಂದು ಭಾಗ. ಆದ್ದರಿಂದ ಅವರ ಕೃತಿಯನ್ನು ಫಲದಿಂದ ಮಾತ್ರ ಅಳೆಯುವುದಾದರೆ ಉತ್ತರ ನಿರಾಶಾದಾಯಕವೆನಿಸೀತು.

ಆದರೆ ಕಫ್ರ್ ಕಾಸಿಮಿನ ಆ ಸಂಜೆಯ ಕಥೆಗೆ ಇನ್ನೊಂದು ಭಾಗವಿದೆ; ಅದನ್ನು ಹೇಳುವವರು ಕಡಮೆ. ಅದೇ ದಿನ, ಅದೇ ಹೊತ್ತಿಗೆ, ಅದೇ ಆಜ್ಞೆ ನೆರೆಯ ಹಲವು ಗ್ರಾಮಗಳಿಗೂ ಹೋಗಿತ್ತು. ಅಲ್ಲಿಯೂ ಸುದ್ದಿ ತಿಳಿಯದ ರೈತರು ಐದು ಗಂಟೆಯ ಅನಂತರ ಹೊಲಗಳಿಂದ ಮರಳಿದರು. ಅಲ್ಲಿದ್ದ ಅಧಿಕಾರಿಗಳು ಅವರನ್ನು ನೋಡಿ, ಮನೆಗೆ ಹೋಗಲು ಬಿಟ್ಟರು. ಅವರು ಯಾವ ಪತ್ರಕ್ಕೂ ಸಹಿ ಹಾಕಿದವರಲ್ಲ. ಯುದ್ಧವನ್ನು ವಿರೋಧಿಸಿದವರೂ ಅಲ್ಲ. ಕಪ್ಪು ಬಾವುಟದ ತೀರ್ಪು ಬರಲು ಇನ್ನೂ ಎರಡು ವರ್ಷವಿತ್ತು. ಕೈಯಲ್ಲಿ ಆಜ್ಞೆಯಿದ್ದಂತೆಯೇ ಎದುರಿಗೆ ಬರುತ್ತಿದ್ದವನು ದುಡಿದು ಮನೆಗೆ ಹೊರಟ ಮನುಷ್ಯನೆಂಬುದನ್ನು ಅವರು ಕಂಡರು, ಅಷ್ಟೇ. ಆ ಗ್ರಾಮಗಳ ಹೆಸರುಗಳು ಜಗತ್ತಿಗೆ ಪರಿಚಿತವಾಗಲಿಲ್ಲ. ಏಕೆಂದರೆ ಅಲ್ಲಿ ಆ ರಾತ್ರಿ ಬಹುತೇಕ ಎಲ್ಲರೂ ಮನೆ ಸೇರಿದ್ದರು.